ಸಸಿಮಡಿಯಲ್ಲಿ ಸಾಹೇಬರು

"ಸಾರ್, ಅದು ಹೂವಿನ ಬೊಕೆ ಅಲ್ಲ! ಒಂದ್ಸಲಕ್ಕೆ ಮೂರೇ ಸಸಿ ನೆಡ್ಬೇಕು!"

ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಕಿಸಕ್ಕೆಂದರು. ಯಾರೆಂದು ಟೀಚರ್ ತಿರುಗಿ ನೋಡಬೇಕಾಗಿಯೇ ಇರಲಿಲ್ಲ. ಐದನೇ ಕ್ಲಾಸಿನಲ್ಲಿ ಹೀಗೆ ಸಿಡಿಯುವ ಬಾಯಿ ಒಂದೇ ಒಂದು. ಅದಕ್ಕೇ ಅವಳಿಗೆ ಪಟಾಕಿ ಅಂತ ಹೆಸರು.

"ಪಟಾಕಿ, ಬಾಯಿ ಮುಚ್ಚು!"

ಮುಚ್ಚುವುದು ಹೇಗೆ? ಅದು ಅವಳ ಮನೆಯದೇ ಗದ್ದೆ. ಇವತ್ತು ನಾಟಿ. 'ಹಸಿವು ಓಡಿಸೋಣ' ಕಾರ್ಯಕ್ರಮಕ್ಕೆಂದು ಪಟ್ಟಣದ ಸರ್ಕಾರಿ ಸಾಹೇಬರು ಮೂರು ಕಾರು ತುಂಬ ಜನರೊಂದಿಗೆ ಬಂದಿಳಿದಿದ್ದರು. ಮೊಣಕಾಲವರೆಗೆ ಹೊಸ ಗಮ್ ಬೂಟು, ಕಣ್ಣಿಗೆ ಕಪ್ಪು ಕನ್ನಡಕ. ಸಸಿಯ ಇಡೀ ಕಟ್ಟನ್ನೇ ಕೆಸರಿಗೆ ಒತ್ತಿ ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತಿದ್ದರು. ಕಟ್ಟಿಗೊಂದು ಫೋಟೋ, ಫೋಟೋಗೊಂದು 'ಎಂಥಾ ಹಸಿರು!'

'ಮಹಾ ನಾಟಿ! ನಮ್ಮನೆ ಮೇಕೆ ಇದಕ್ಕಿಂತ ಚೆನ್ನಾಗಿ ನೆಡುತ್ತೆ' ಅಂದುಕೊಂಡಳು ಪಟಾಕಿ.

ಅಷ್ಟರಲ್ಲಿ ಫೋಟೋದವನು ಹಿಂದೆ ಹಿಂದೆ ಸರಿಯುತ್ತ ಸಸಿಮಡಿಯೊಳಗೆ ಕಾಲಿಟ್ಟಿದ್ದ. ಅಮ್ಮ ಒಂದು ತಿಂಗಳು ಕಾದು ಬೆಳೆಸಿದ ಎಳೆ ಸಸಿಗಳು ಇದ್ದದ್ದು ಅಲ್ಲೇ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಅಮ್ಮ ತಲೆಯೆತ್ತಿ ನೋಡಿದಳು. ಮತ್ತೆ ಬಗ್ಗಿ ತನ್ನ ಸಾಲು ನೆಡತೊಡಗಿದಳು.

'ನನ್ನ ಹತ್ರ ಮಾತ್ರ ಹುಲಿ! ದೊಡ್ಡೋರ ಮುಂದೆ ಬೆಕ್ಕು!' ಪಟಾಕಿಗೆ ಮೈಯೆಲ್ಲ ಉರಿಯಿತು.

"ಸಾರ್, ಅವರು ತುಳೀತಿರೋದು ನಮ್ಮ ಇಡೀ ವರ್ಷದ ಅನ್ನ!"

ಸಾಹೇಬರು ಕನ್ನಡಕ ಹಣೆಗೇರಿಸಿದರು. "ಆಹಾ, ಏನ್ ಡೈಲಾಗು! ಇನ್ನೊಂದ್ಸಲ ಹೇಳು ಪುಟ್ಟಿ. ರೀ, ಎಲ್ಲಾರೂ ಬನ್ರಿ, ವಿಡಿಯೋ ಮಾಡಿ!"

ಇನ್ನೂ ನಾಲ್ಕು ಜನ ಮೊಬೈಲ್ ಹಿಡಿದು ಸಸಿಮಡಿಗೇ ಇಳಿದರು. ಪಚಕ್, ಪಚಕ್. ಹೇಳು ಹೇಳು ಎಂದು ಎಷ್ಟು ಪುಸಲಾಯಿಸಿದರೂ ಪಟಾಕಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಆಮೇಲೆ ಸಾಹೇಬರು 'ಒಂದು ಅಗುಳನ್ನೂ ಹಾಳು ಮಾಡಬೇಡಿ' ಎಂದು ಅರ್ಧ ಗಂಟೆ ಕೊರೆದರು. ಅರ್ಧಂಬರ್ಧ ತಿಂದ ಊಟದ ಪೊಟ್ಟಣಗಳನ್ನು ಬದುವಿನ ಮೇಲೆ ಬಿಸಾಕಿ ಕಾರು ಹತ್ತಿದರು.

"ನೀನು ಅಮ್ಮನ ಹತ್ರಾನೇ ಇರು," ಎಂದು ಟೀಚರ್ ಮೆಲ್ಲಗೆ ಹೇಳಿ ಉಳಿದ ಮಕ್ಕಳನ್ನು ಕರೆದುಕೊಂಡು ಹೋದರು.

ಅಮ್ಮ ಆಗಲೇ ಸಾಹೇಬರ ಕಟ್ಟುಗಳನ್ನು ಕಿತ್ತು, ಬೇರು ತೊಳೆದು, ಸಸಿ ಬಿಡಿಸುತ್ತಿದ್ದಳು. "ಕಪ್ಪು ಕನ್ನಡಕ ಹಾಕ್ಕೊಂಡು 'ಎಂಥಾ ಹಸಿರು' ಅಂದ್ನಲ್ಲೇ, ಮಹಾರಾಯ!"

ಪಟಾಕಿಗೆ ನಗು ಬರಲಿಲ್ಲ. "ಅಮ್ಮಾ, ನಾನು ಸುಮ್ನಿದ್ದಿದ್ರೆ ಒಬ್ಬನೇ ತುಳೀತಿದ್ದ, ಅಲ್ವಾ?"

"ನೀನು ಹೇಳಿದ್ದು ಸರಿಯಾಗೇ ಇತ್ತು. ಕೇಳೋ ಕಿವಿ ಇರ್ಲಿಲ್ಲ, ಅಷ್ಟೆ. ತಗೋ, ಜೀವ ಇರೋ ಸಸಿಗಳನ್ನ ಈ ಕಡೆ ಹಾಕು."

ತುಳಿದ ಸಸಿಗಳಲ್ಲಿ ಮುಕ್ಕಾಲು ಪಾಲು ಮುರಿದಿದ್ದವು. ಉಳಿದದ್ದನ್ನು ಇಬ್ಬರೂ ನೆಟ್ಟರು. ಪಟಾಕಿ ನೆಟ್ಟ ಮೊದಲ ಸಾಲು ಆಳ ಸಾಲದೆ ತೇಲಿಹೋಯಿತು. ಅಮ್ಮ ಬಯ್ಯಲಿಲ್ಲ. ತಾನೇ ಮತ್ತೆ ನೆಟ್ಟಳು. ಹೊತ್ತು ಇಳಿಯುವ ಹೊತ್ತಿಗೆ ಸಸಿ ಮುಗಿಯಿತು. ಗದ್ದೆ ಮುಗಿಯಲಿಲ್ಲ. ಆಚೆ ಮೂಲೆಯಲ್ಲಿ ಬರೀ ಕೆಸರು ನೀರು.

ಅದು ಎಷ್ಟು ದಿನದ ಅನ್ನವಾಗುತ್ತಿತ್ತು ಎಂದು ಕೇಳಲು ಪಟಾಕಿ ಬಾಯಿ ತೆರೆದಳು. ಅಮ್ಮ ಸೊಂಟ ನೀವಿಕೊಳ್ಳುತ್ತ ಗದ್ದೆಯನ್ನೆಲ್ಲ ಒಮ್ಮೆ ನೋಡಿದಳು, ಆ ಮೂಲೆಯೊಂದನ್ನು ಬಿಟ್ಟು.

ಪಟಾಕಿ ಅಮ್ಮನ ಕೆಸರುಗೈ ಹಿಡಿದು ಬದು ಹತ್ತಿದಳು.