ಬೆಳಕು ಸರಿಸಿದ ಪರದೆ

"ಕೆಟ್ಟುಹೋದ ಸೆನ್ಸರ್ ಕೊಟ್ಟು ಕೈ ತೊಳ್ಕೊಂಡ್ರಾ?!"

ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯವನು ಬೆಚ್ಚಿ ತಲೆ ಎತ್ತಿದ. ಎದುರಿಗೆ ಸರ್ಕ್ಯೂಟ್ ಹಿಡಿದು ನಿಂತ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ!

ಅವನು ಬೆಳಕು ಗುರುತಿಸುವ ಆ ಸೆನ್ಸರ್ ಮೇಲೆ ಟಾರ್ಚ್ ಬಿಟ್ಟ. ಸರ್ಕ್ಯೂಟಿಗೆ ಜೋಡಿಸಿದ್ದ ಪುಟ್ಟ ಮೋಟಾರ್ ಮಿಸುಕಲಿಲ್ಲ. ಅಂಗೈಯಿಂದ ಮುಚ್ಚಿದ... ಗಿರ್ರನೆ ತಿರುಗಿತು! ಅವನಿಗೆ ನಗು ತಡೆಯಲಾಗಲಿಲ್ಲ.

"ಸೆನ್ಸರ್ ಚೆನ್ನಾಗೇ ಇದೆ. ಏನಕ್ಕಿದು?"

"ಬೆಳಗಾದ ತಕ್ಷಣ ಕಿಟಕಿ ಪರದೆ ಸರಿಸೋಕೆ."

"ಹಾಗಾದ್ರೆ ನಿಮ್ಮ ಪರದೆ ಕತ್ತಲಾದ್ಮೇಲೆ ತೆರೆಯುತ್ತೆ! ಕೊಡಿ ಇಲ್ಲಿ, ಸರಿಮಾಡ್ತೀನಿ..."

"ಮುಟ್ಬೇಡಿ!" ಅವಳ ಕಣ್ಣು ತುಂಬಿತು. "ನಗೋಕೆ ನಿಮಗೇನು? ಅಮ್ಮ ಹಾಸಿಗೆ ಹಿಡಿದಿದ್ದಾರೆ. ಬೀದಿದೀಪ ಕಣ್ಣಿಗೆ ಹೊಡೆಯುತ್ತೆ ಅಂತ ಪರದೆ ಎಳೆದು, ನಸುಕಲ್ಲೇ ಬೇಕರಿ ಕೆಲಸಕ್ಕೆ ಓಡ್ತೀನಿ. ಪಕ್ಕದ್ಮನೆಯವರು ಬರೋವರೆಗೂ ಅಮ್ಮನಿಗೆ ಕತ್ತಲೇ ಗತಿ!"

ಅವನ ನಗು ಅಲ್ಲೇ ಬತ್ತಿತು. ಅವಳು ಸರ್ಕ್ಯೂಟನ್ನು ಎದೆಗವಚಿಕೊಂಡು ಹೊರಟೇ ಹೋದಳು.

'ನೋಡ್ತಿರಲಿ, ನಾನೇ ಸರಿಮಾಡ್ತೀನಿ!'

ಮನೆಯಲ್ಲಿ ಒಂದೊಂದೇ ತಂತಿ ಹಿಡಿದು ನೋಡಿದಳು. ಥೂ, ನನ್ನ ಬುದ್ಧಿಗಿಷ್ಟು! ಸೆನ್ಸರ್ ಮತ್ತು ಅದರ ಜೋಡಿ ರೆಸಿಸ್ಟರ್ ಅದಲುಬದಲಾಗಿದ್ದವು; ಅದಕ್ಕೇ ಎಲ್ಲ ತಲೆಕೆಳಗು. ಬಿಚ್ಚಿ, ಜಾಗ ಬದಲಿಸಿ ಬೆಸುಗೆ ಹಾಕಿದಳು. ಬೀದಿದೀಪಕ್ಕೆ ಮೋಸಹೋಗದಂತೆ, ಎಷ್ಟು ಬೆಳಕಿಗೆ ಮೋಟಾರ್ ತಿರುಗಬೇಕೆಂದು ಗೊತ್ತುಮಾಡುವ ತಿರುಪನ್ನೂ ಹೊಂದಿಸಿದಳು.

ಬೇಕರಿ ರಜೆಯ ಹಿಂದಿನ ದಿನ ಅವನ ಅಂಗಡಿಗೆ ಹೋಗಿ ತಲೆ ಎತ್ತಿ ನಿಂತಳು. "ನಾಳೆ ಬೆಳಗ್ಗೆ ಮನೆಗೆ ಬಂದು ನೋಡಿ!"

ಅವನು ಸೂರ್ಯನಿಗಿಂತ ಮೊದಲೇ ಬಂದ. ಬೀದಿದೀಪ ಉರಿಯುತ್ತಿತ್ತು, ಪರದೆ ಅಲುಗಲಿಲ್ಲ. ಬೆಳಕು ಹರಿಯಿತು... ಮೋಟಾರ್ ಗುಂಯ್‌ಗುಟ್ಟಿತು, ಪರದೆ ಮೆಲ್ಲಗೆ ಸರಿಯಿತು. ಎಳೆಬಿಸಿಲು ಅಮ್ಮನ ಕೆನ್ನೆ ಮುಟ್ಟಿತು.

"ಯಾರೇ ಸರಿಸಿದ್ದು?"

"ನಾನೇ ಕಣಮ್ಮಾ... ನಾನೇ ಮಾಡಿದ್ದು!"

ಅಮ್ಮನ ಮುಖ ಅರಳಿತು. "ನೋಡಪ್ಪಾ, ನನ್ನ ಮಗಳು ಬೆಳಕನ್ನೇ ಕೆಲಸಕ್ಕಿಟ್ಕೊಂಡಿದ್ದಾಳೆ!"

ಅವಳ ಎದೆ ಹೆಮ್ಮೆಯಿಂದ ಉಬ್ಬಿತು. ಅವನ ಕಣ್ಣಲ್ಲೂ ಅದೇ ಹೆಮ್ಮೆ ಕಂಡು ಅವಳಿಗೆ ಏನೋ ಆಯಿತು.

ಬಾಗಿಲ ಬಳಿ ಅವನು ತಡವರಿಸಿದ. "ಅವತ್ತು ನಿಮ್ಮನ್ನ ನೋಡಿ ನಗಲಿಲ್ಲ ರೀ. ಕಲಿಯುವಾಗ ನಾನೂ ಇದೇ ತಪ್ಪು ಮಾಡಿದ್ದೆ. ನಮ್ಮನೆ ದೀಪ ಹಗಲೆಲ್ಲಾ ಉರಿದು, ರಾತ್ರಿ ಆರಿಹೋಗ್ತಿತ್ತು!"

"ಅವತ್ತೇ ಹೇಳ್ಬಾರದಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಅವಳು ಕಿಲಕಿಲ ನಕ್ಕಳು.

"ನನಗೆ ನೀವಂದ್ರೆ ತುಂಬಾ ಇಷ್ಟ..." ಅವನ ದನಿ ಇಳಿಯಿತು. "ಮತ್ತೆ ಬರಲಾ?"

"ಮೋಟಾರ್ ಇರೋದು ಪರದೆಗೆ. ಬಾಗಿಲಿಗಿಲ್ಲ."

"ಅಂದ್ರೆ... ಬೇಡ್ವಾ?"

"ಅಂದ್ರೆ, ನಾನೇ ತೆಗೀಬೇಕು. ತೆಗೀತೀನಿ... ಬನ್ನಿ."