ಒವಿದಿಯಾ ಅಜ್ಜಿಯ ಸೌಟು

"ಅಜ್ಜೀ, ಇಲ್ಲಿ ಕೆರ್ಕೋಬೇಡ. ಎಲ್ಲಾ ನೋಡ್ತಿದಾರೆ," ಮೈತೇನ್ ಪಿಸುಗುಟ್ಟಿದಳು.

ನೋಡುತ್ತಿದ್ದದ್ದು ಸುಳ್ಳಲ್ಲ. ವಾಲ್ಪರೈಸೋ ಊರಿನ ಗುಡ್ಡದ ಮೇಲಿನ ಕ್ಲಿನಿಕ್ ಮುಂದೆ ಬೀದಿಗೆ ಬೀದಿಯೇ ಪಾತ್ರೆ ಹಿಡಿದು ಸೇರಿತ್ತು. ಔಷಧಿ ಬರುವ ತನಕ ದಿನಾ ಪಾತ್ರೆ ಬಡಿಯುವುದೆಂದು ತೀರ್ಮಾನವಾಗಿತ್ತು. ಎರಡು ತಿಂಗಳಿಂದ ಒಳಗಿನವರದು ಒಂದೇ ಮಾತು: ಸ್ಟಾಕ್ ಇಲ್ಲ.

ಒವಿದಿಯಾ ಅಜ್ಜಿಯ ಲಿವರ್ ಕೆಟ್ಟು, ಪಿತ್ತ ಸರಿಯಾಗಿ ಹರಿಯದೆ, ಮೈಯೆಲ್ಲ ತುರಿಕೆ. ಒಳಗಿನ ತುರಿಕೆ, ಮುಲಾಮಿಗೆ ಬಗ್ಗುವುದಿಲ್ಲ. ಜ್ಯೂಸಿನಲ್ಲಿ ಕಲಸಿ ಕುಡಿಯುವ ಪುಡಿಯೊಂದಿದೆ. ಅದಿದ್ದರೆ ಅಜ್ಜಿಗೆ ನಿದ್ದೆ.

ಈ ತುರಿಕೆ ಯಾರಿಗೂ ಅಂಟುವುದಿಲ್ಲ ಎಂದು ನರ್ಸ್ ಹೇಳಿದ್ದರು. ಆದರೂ ಕ್ಲಾಸಿನ ಬಾಸ್ತಿಯಾನ್, ಮೈತೇನ್‌ಗೆ ಕಜ್ಜಿ ಮನೆಯವಳು ಅಂತ ಹೆಸರಿಟ್ಟು ಬೆಂಚು ಬದಲಾಯಿಸಿದ್ದ. ಅವನೂ ಅಮ್ಮನ ಜೊತೆ ಅಲ್ಲೇ ನಿಂತಿದ್ದ.

ಅಜ್ಜಿ ಮೊಮ್ಮಗಳತ್ತ ತಿರುಗಿದಳು. "ಕೆರ್ಕೊಳ್ಳೋದು ನಾನು, ಮಗಾ. ನಾಚ್ಕೋಬೇಕಾದವರು ಆ ಬಾಗಿಲ ಹಿಂದಿದಾರೆ."

ಹಾಗೆಂದು ತಪ್ಪಲೆಗೆ ಎರಡು ಬಾರಿಸಿದಳು, ಟಣ್ ಟಣ್. ಅಷ್ಟರಲ್ಲಿ ತಡೆಯಲಾಗದೆ ಅದೇ ಸೌಟನ್ನು ಬೆನ್ನಿಗೆ ಒಯ್ದು ಕರಕರ ಕೆರೆದುಕೊಂಡಳು. ಮತ್ತೆ ಟಣ್ ಟಣ್. ಮತ್ತೆ ಕರಕರ.

ಮೈತೇನ್‌ಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಮೀನು ಮಾರುವ ಎಲ್ವಿರಾ ಅತ್ತೆಗೆ ನಗು ಬಂತು. ತನ್ನ ಬಾಣಲೆಯ ಮೇಲೆ ಅದೇ ತಾಳ ಹಿಡಿದಳು: ಎರಡು ಪೆಟ್ಟು, ಒಂದು ಕೆರೆತ. ಪಕ್ಕದವರೂ ಹಿಡಿದರು. ನೋಡನೋಡುತ್ತ ಇಡೀ ಗುಡ್ಡವೇ ಟಣ್ ಟಣ್ ಕರಕರ ಅನ್ನತೊಡಗಿತು. ಬಾಸ್ತಿಯಾನ್ ಕೂಡ ಒಂದು ಮುಚ್ಚಳ ಕೆರೆಯುತ್ತಿದ್ದ. ಅಜ್ಜಿ ಸ್ಕರ್ಟ್ ಎತ್ತಿ ಹಿಡಿದು ಕುಣಿದೇಬಿಟ್ಟಳು.

ಐದನೇ ದಿನ ಪುಡಿ ಬಂತು.

ಮೈತೇನೇ ಅದನ್ನು ಸೇಬಿನ ರಸಕ್ಕೆ ಕಲಸಿ ಕೊಡುತ್ತಿದ್ದಳು. ಉಳಿದ ಮಾತ್ರೆಗಳನ್ನು ನಾಲ್ಕು ಗಂಟೆ ಬಿಟ್ಟು ಕೊಡಬೇಕು, ಅದಕ್ಕೂ ಅವಳದೇ ಕಾವಲು. ಮರಳು ಕುಡಿದಂಗಾಗುತ್ತೆ ಅಂತ ಅಜ್ಜಿ ಮುಖ ಹಿಂಡುತ್ತಿದ್ದಳು. ವಾರ ಎರಡು ಕಳೆಯುವಷ್ಟರಲ್ಲಿ ಗೊರಕೆ ಹೊಡೆಯತೊಡಗಿದಳು.

ಮುಂದಿನ ತಿಂಗಳು ಬಾಸ್ತಿಯಾನನ ಅಪ್ಪನಿಗೆ ಬೇಕಾದ ಇನ್ಸುಲಿನ್ ಇಲ್ಲವೆಂದರು. ಬೀದಿ ಮತ್ತೆ ಪಾತ್ರೆ ಹಿಡಿದು ಸೇರಿತು. ಬಾಸ್ತಿಯಾನ್ ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ನಿಂತಿದ್ದ.

ಎಲ್ಲರಿಗಿಂತ ಮೊದಲು ಅಜ್ಜಿ ಬಾರಿಸಿದಳು, ಟಣ್ ಟಣ್. ಈಗ ತುರಿಕೆಯಿಲ್ಲ, ಸೌಟು ಬೆನ್ನಿಗೆ ಹೋಗಲಿಲ್ಲ. ಹಾಗೇ ಗಾಳಿಯಲ್ಲಿ ನಿಂತಿತು.

ಮೈತೇನ್ ಹೋಗಿ ಬಾಸ್ತಿಯಾನನ ಪಕ್ಕ ನಿಂತಳು. ತನ್ನ ಚಮಚವನ್ನು ಕೈಯಲ್ಲಿದ್ದ ತಪ್ಪಲೆಯ ಮೈಮೇಲೆ ಉದ್ದಕ್ಕೆ ಎಳೆದಳು. ಕರಕರ.

ಎಲ್ಲರೂ ಅವಳತ್ತ ನೋಡಿದರು. ಅವಳು ಇನ್ನೊಮ್ಮೆ ಎಳೆದಳು.