ಗಾಜಿನ ಕೊಳದ ಪದುಮಲೆ

ಬಹಳ ಹಿಂದೆ, ನಿಮ್ಮ ಅಜ್ಜನ ಅಜ್ಜನಿಗೂ ಹಲ್ಲು ಬಾರದ ಕಾಲದಲ್ಲಿ, ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಣಿ ಲೋಕಾಂಬೆಗೆ ಇಬ್ಬರು ಮಕ್ಕಳು. ಮಗ ಜಯಕೀರ್ತಿ, ಮಗಳು ಪದುಮಲೆ. ಜಯಕೀರ್ತಿ ಒಳ್ಳೆಯವನೇ, ಆದರೆ ಮಹಾ ಆತುರಗಾರ. ಅನ್ನ ಇನ್ನೂ ಒಲೆ ಮೇಲಿರುವಾಗಲೇ ಎಲೆ ಹಾಕಿಕೊಂಡು ಕೂರುವ ಪೈಕಿ!

ಒಂದು ದಿನ ಘೋರಜಟನೆಂಬ ಮಾಂತ್ರಿಕ ಬಂದು, "ಪದುಮಲೆಯನ್ನು ನನಗೆ ಮದುವೆ ಮಾಡಿಕೊಡಿ" ಎಂದ. ಅವನ ಗಂಟುಗಂಟು ಗಡ್ಡ ನೋಡಿ ಪದುಮಲೆ ಕಿಸಕ್ಕನೆ ನಕ್ಕುಬಿಟ್ಟಳು. ಅಷ್ಟೇ ಸಾಕಾಯಿತು. ಮಾಂತ್ರಿಕ ಒಂದು ಹಿಡಿ ಬೂದಿ ಎರಚಿದ. ಹುಡುಗಿ ಬಂಗಾರದ ಬಣ್ಣದ ಪುಟ್ಟ ಮೀನಾಗಿ ಅರಮನೆಯ ಗಾಜಿನ ಕೊಳಕ್ಕೆ ಬಿದ್ದಳು.

"ಈ ಕೊಳದ ನೀರುಗಿಡ ಹೂಬಿಟ್ಟ ದಿನ ಇವಳು ಮತ್ತೆ ಮನುಷ್ಯಳಾಗುತ್ತಾಳೆ. ಅಲ್ಲಿಯತನಕ ಬದುಕಿದ್ದರೆ ತಾನೆ! ನಾನು ಅವಳ ಮೈ ಮುಟ್ಟಿದರೆ ನನ್ನ ಮಂತ್ರ ಮುರಿಯುತ್ತದೆ. ಆದರೆ ನಾನೇಕೆ ಮುಟ್ಟಲಿ? ನಿಮ್ಮ ಅಕ್ಕರೆಯೇ ಅವಳನ್ನು ಕೊಲ್ಲುತ್ತದೆ" ಎಂದು ಗಹಗಹಿಸಿ ಹೊರಟುಹೋದ.

ರಾಣಿ ಕೊಳ ನೋಡಿದಳು, ಕರುಳು ಕಿತ್ತು ಬಂತು. "ಅಯ್ಯೋ, ನನ್ನ ಕಂದ ಈ ಪಾಚಿಯಲ್ಲಿ ಮಲಗುವುದೇ?" ತಗೋ, ದಾಸಿಯರೆಲ್ಲ ಸೆರಗು ಬಿಗಿದರು. ನೀರೆಲ್ಲ ಚೆಲ್ಲಿದರು. ಕಲ್ಲು, ಮರಳು ಒಂದನ್ನೂ ಬಿಡದೆ ಹಬ್ಬದ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಜಯಕೀರ್ತಿಯೇ ಮುಂದೆ ನಿಂತು, "ಬೇಗ, ಬೇಗ!" ಎಂದು ಹೊಸ ನೀರು ತುಂಬಿಸಿದ. ಕೊಳ ಫಳಫಳ ಹೊಳೆಯಿತು. ಮೀನು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು.

ಜಯಕೀರ್ತಿ ಹಿತ್ತಲ ಬಾವಿಗೆ ಓಡಿದ. ಅಲ್ಲಿ ಒಂದು ಮುದಿ ಆಮೆ ಇತ್ತು. ಮಾತಾಡುತ್ತಿತ್ತು, ಅದರಲ್ಲೇನು ವಿಶೇಷ, ಆಗೆಲ್ಲ ಎಲ್ಲವೂ ಮಾತಾಡುತ್ತಿದ್ದವು.

"ಆಮೆಯಜ್ಜಾ, ನನ್ನ ತಂಗಿ ಸಾಯ್ತಿದ್ದಾಳೆ!"

"ಸಾಯದೆ ಏನು ಮಾಡ್ತಾಳಪ್ಪ? ಮೀನಿನ ಹೊಲಸನ್ನು ತಿಂದು ನೀರು ಕಾಯುವ ಜೀವಿಗಳು ಆ ಕಲ್ಲಿನ ಲೋಳೆಯಲ್ಲೇ ಇದ್ದವು. ಕಣ್ಣಿಗೆ ಕಾಣೋದಿಲ್ಲ ಅಂತ ಎಲ್ಲವನ್ನೂ ತಿಕ್ಕಿ ತೊಳೆದಿರಿ. ಹೋಗು, ಕೆರೆಯಿಂದ ಹಳೇ ಮರಳು ತಂದು ಹಾಕು. ಇನ್ನು ಮೇಲೆ ಒಂದು ಕೊಡ ತೆಗೆ, ಒಂದು ಕೊಡ ಹಾಕು. ಹಾಕುವ ನೀರನ್ನೂ ಕೊಳದ ಪಕ್ಕದಲ್ಲೇ ಇಟ್ಟು ಹದ ಮಾಡು. ನೀರಿಗೂ ಹೊಂದಿಕೊಳ್ಳೋಕೆ ಹೊತ್ತು ಬೇಕು."

ಹಾಗೇ ಮಾಡಿದ. ಮೀನು ಉಸಿರಾಡಿತು.

ಘೋರಜಟ ಸುಮ್ಮನಿರುತ್ತಾನೆಯೇ? ವ್ಯಾಪಾರಿಯ ವೇಷದಲ್ಲಿ ಬಂದ. "ರಾಜಕುಮಾರಿಗೆ ಬರೀ ಮರಳಿನ ಹಾಸಿಗೆಯೇ? ಛೆ ಛೆ! ಅಮೃತಶಿಲೆಯ ಹರಳು ತಗೊಳ್ಳಿ, ಶಂಖದ ಚೂರು ತಗೊಳ್ಳಿ." ರಾಣಿ ಬುಟ್ಟಿಗಟ್ಟಲೆ ಸುರಿಸಿದಳು. ದಿನಕಳೆದಂತೆ ಅವು ಕರಗಿ ನೀರು ಗಡಸಾಯಿತು, ಗಿಡದ ಎಲೆ ಹಳದಿಯಾಯಿತು.

ಜಯಕೀರ್ತಿ ಎರಡೂ ಕೈಯಲ್ಲಿ ಬಾಚಿ ಎಸೆಯಲು ಹೊರಟಾಗ ಬಾವಿಕಟ್ಟೆಯಿಂದಲೇ ಆಮೆ ಗದರಿತು: "ನಿಲ್ಲೋ! ಕೆಟ್ಟದ್ದನ್ನೂ ಮೆಲ್ಲಗೇ ತೆಗೀಬೇಕು." ರಾಜಕುಮಾರ ಹಲ್ಲು ಕಚ್ಚಿಕೊಂಡು ದಿನಕ್ಕೊಂದು ಹಿಡಿ ಹರಳು ತೆಗೆದ. ಹೊಸ ಚಿಗುರು ಬಂತು.

ಮೂರನೆಯ ಸಲ ತಪ್ಪು ಮತ್ತೆ ತಾಯಿಯದೇ. ಪಾಪ, ಮಗಳಿಗೆ ಹೋಳಿಗೆ ಎಂದರೆ ಪ್ರಾಣ. ಯಾರಿಗೂ ಕಾಣದಂತೆ ಚೂರು ಚೂರು ಮುರಿದು ಹಾಕುತ್ತಿದ್ದಳು. ಅದು ತಳದಲ್ಲಿ ಕೊಳೆತು ನೀರು ಹುಳಿಯಾಯಿತು. ಮೀನು ಪಕ್ಕಕ್ಕೆ ವಾಲಿತು. ಆ ಹೊತ್ತಿಗೆ ಸರಿಯಾಗಿ ಒಬ್ಬ ವೈದ್ಯ ಬಂದ. ಯಾರೆಂದು ಹೇಳಬೇಕೇ?

"ಒಂದು ಬೊಗಸೆ ಸುಣ್ಣ ಹಾಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹುಳಿ ಮಾಯ!"

"ಹಾಕೋ ಮಗನೇ, ನಿನ್ನ ಕಾಲಿಗೆ ಬೀಳ್ತೀನಿ!" ಎಂದು ರಾಣಿ ಅತ್ತಳು.

ಜಯಕೀರ್ತಿ ಸುಣ್ಣ ಕೈಗೆತ್ತಿಕೊಂಡ. ಎದೆಯೆಲ್ಲ 'ಹಾಕು, ಹಾಕು' ಎನ್ನುತ್ತಿತ್ತು. ಆದರೂ ಸುಣ್ಣ ಕೆಳಗಿಟ್ಟ. "ಇಲ್ಲಮ್ಮಾ. ಹುಳಿಯನ್ನು ತಡೆದುಕೊಂಡಾಳು, ಥಟ್ಟನೆ ಬದಲಾದರೆ ತಡೆಯಲಾರಳು." ಕೊಳೆತ ಹೋಳಿಗೆ ತೆಗೆದ. ಒಂದು ಕೊಡ ತೆಗೆದ, ಹದ ಮಾಡಿಟ್ಟ ಒಂದು ಕೊಡ ಹಾಕಿದ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಒಂದು ಬೆಳಗ್ಗೆ ಮೀನು ಬಾಲ ಆಡಿಸಿತು. ನೀರುಗಿಡದಲ್ಲಿ ಮೊಗ್ಗು ಕಾಣಿಸಿತು.

ಘೋರಜಟನ ಹೊಟ್ಟೆಗೆ ಬೆಂಕಿ ಬಿತ್ತು. ಮೊಗ್ಗನ್ನೇ ಕಚ್ಚಿ ಹಾಕುತ್ತೇನೆಂದು, ತನ್ನ ಗುಹೆಯ ಉಪ್ಪುನೀರಿನ ಗುಂಡಿಯಲ್ಲಿ ಗಂಟುಗಡ್ಡದ ಮೀನಾಗಿ, ಅಲ್ಲಿಂದಲೇ ಗಾಳಿಯಲ್ಲಿ ಹಾರಿ ಬಂದು ಧುಡುಂ ಎಂದು ಕೊಳಕ್ಕೆ ಬಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ! ಉಪ್ಪುನೀರಿನಿಂದ ಸಿಹಿನೀರಿಗೆ ಹಾಗೆ ಬಿದ್ದರೆ ಯಾವ ಮೀನು ತಡೆದೀತು? ಮೈ ಮರಗಟ್ಟಿ, ಹೊಟ್ಟೆ ಮೇಲಾಗಿ ತೇಲಿದ. ಮಂತ್ರ ಹೇಳಲು ಬಾಯಿ ತೆರೆದ, ಗುಳುಗುಳು ಗುಳ್ಳೆ ಬಂತೇ ವಿನಾ ಮಾತು ಬರಲಿಲ್ಲ. ಜಯಕೀರ್ತಿ ಗಡ್ಡದಿಂದ ಅವನನ್ನೂ, ಮೈಗಂಟಿದ ಉಪ್ಪಿನಿಂದ ಅವನ ನೀರನ್ನೂ ಗುರುತಿಸಿ, ಕೊಡದೊಳಗೆ ಎತ್ತಿಹಾಕಿ, ಚೂರು ಚೂರೇ ಉಪ್ಪು ಬೆರೆಸುತ್ತಾ, "ತಾಳಪ್ಪ, ಸಾಯಬೇಡ. ಮೆಲ್ಲಗೆ ಸುಧಾರಿಸಿಕೋ" ಎಂದ. ಘೋರಜಟ ಬದುಕಿದ, ಆದರೆ ಕೊನೆತನಕ ಮೀನಾಗಿಯೇ ಬದುಕಿದ.

ಅಷ್ಟರಲ್ಲಿ ಮೊಗ್ಗು ಬಿರಿಯಿತು. ಪದುಮಲೆ ತೊಯ್ದು ತೊಪ್ಪೆಯಾಗಿ ಕೊಳದಿಂದ ಎದ್ದು ಬಂದಳು. ರಾಣಿ ಓಡಿ ಬಂದು ತಬ್ಬಿಕೊಂಡಳು. ಜಯಕೀರ್ತಿ ಕೊಡ ಹಿಡಿದವನು ಹಿಡಿದ ಹಾಗೇ ಬಿಕ್ಕಿಬಿಕ್ಕಿ ಅತ್ತ.

ಪದುಮಲೆ ಅವನ ಕಣ್ಣೊರೆಸಿದಳು. "ಅಣ್ಣಾ, ನೀನು ಯಾವತ್ತೂ ಒಂದು ಕಡೆ ನಿಂತವನಲ್ಲ. ಗಾಜಿನ ಆಚೆ ದಿನಾ ನಿಂತಿರ್ತಿದ್ದೆಯಲ್ಲ, ನಿನ್ನ ಮುಖವನ್ನು ಕಣ್ತುಂಬ ನೋಡಿದ್ದು ನಾನು ಆಗಲೇ ಕಣೋ."

ಆಮೇಲೆ ಅವರು ಉಂಡರು, ನಕ್ಕರು, ನೂರ್ಕಾಲ ನೆಮ್ಮದಿಯಾಗಿದ್ದರು. ನೀವೂ ಹಾಗೇ ಇರಿ.